ಕರಿಯನ ಮೂಗು

ನಮ್ಮಪ್ಪನ ಮುಂದೆ ಫಂಗಸ್ ಅನ್ನೋ ಪದ ಎತ್ತೋ ಹಾಗಿಲ್ಲ. 2021ರಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಲ್ಲಿ, ಚಿಕ್ಕಪ್ಪನಿಗೆ ಬ್ಲ್ಯಾಕ್ ಫಂಗಸ್ ಬಂತು. ಮೊದಲೇ ಶುಗರ್, ಅದರ ಮೇಲೆ ಸ್ಟೀರಾಯ್ಡ್. ಮೂಗಲ್ಲಿ ಶುರುವಾಗಿದ್ದು ಕಣ್ಣಿಗೆ ಹೋಯ್ತು. ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ನಾನು ಬೆಂಗಳೂರಲ್ಲಿ ಕೂತು ಎಷ್ಟು ವಾಟ್ಸಾಪ್ ಗ್ರೂಪುಗಳಲ್ಲಿ ಅಂಗಲಾಚಿದೆನೋ. ಚಿಕ್ಕಪ್ಪ ಉಳಿದ್ರು. ಎಡಗಣ್ಣು ಉಳೀಲಿಲ್ಲ.

ಹೋದ ವರ್ಷ ಭದ್ರಾವತಿ ಹತ್ತಿರದ ನಮ್ಮೂರಿಂದ ಅಮ್ಮ ಫೋನ್ ಮಾಡಿದಳು. “ಕರಿಯನ ಮೂಗಲ್ಲೂ ಫಂಗಸ್ಸಂತೆ ಕಣೋ. ನಿಮ್ಮಪ್ಪ ಗೋಣಿಚೀಲ ಹುಡುಕ್ತಾ ಇದಾರೆ.” ನಮ್ಮೂರಲ್ಲಿ ಬೇಡವಾದ ಬೆಕ್ಕನ್ನು ಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬರೋದು ಹೊಸದೇನಲ್ಲ.

ಕರಿಯ ಎರಡು ತಿಂಗಳಿಂದ ಸೀನ್ತಾ ಇದ್ದ. ಒಂದೇ ಹೊಳ್ಳೆಯಿಂದ ಸಿಂಬಳ, ಆಮೇಲೆ ಮೂಗಿನ ದಿಣ್ಣೆ ಮೇಲೆ ಊತ. ಮೊದಲು ತೋರಿಸಿದ ಕಡೆ ಬರೀ ಆಂಟಿಬಯೋಟಿಕ್ ಕೊಟ್ಟು ಕಳಿಸಿದ್ದರು. ಕೊನೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಊತಕ್ಕೆ ಸೂಜಿ ಚುಚ್ಚಿ, ತೆಗೆದಿದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕ್ರಿಪ್ಟೊಕಾಕಸ್. ಕಪ್ಪು ಶಾಯಿಯಲ್ಲಿ ಕಲಸಿ ನೋಡಿದರೆ ಈ ಕಣಗಳ ಸುತ್ತ ಬೆಳ್ಳಗೆ ಒಂದು ಪ್ರಭಾವಳಿ ಕಾಣುತ್ತೆ. ಅದು ಕಣದ ದಪ್ಪ ಕವಚ, ಶಾಯಿ ಒಳಗೆ ಹೋಗಲ್ಲ.

ಇಂಥವನ್ನ ಅವಕಾಶವಾದಿ ಸೋಂಕು ಅಂತಾರೆ. (ನಮ್ಮ ಜಿಲ್ಲೆಯ ಎಲೆಕ್ಷನ್ ನೋಡಿದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ.) ಚಿಕ್ಕಪ್ಪನಿಗೆ ಬಂದಿದ್ದೂ ಆ ಜಾತಿಯದೇ, ಆದರೆ ಶಿಲೀಂಧ್ರ ಬೇರೆ, ಔಷಧದ ಲೆಕ್ಕಾಚಾರವೂ ಬೇರೆ. ಕ್ರಿಪ್ಟೊಕಾಕಸ್ ಇರೋದು ಮಣ್ಣಲ್ಲಿ, ಪಾರಿವಾಳದ ಒಣ ಹಿಕ್ಕೆಯಲ್ಲಿ. ಇದರ ಅಣ್ಣತಮ್ಮನಂಥ ಇನ್ನೊಂದು ಬಗೆಯನ್ನು 1990ರಲ್ಲಿ ಆಸ್ಟ್ರೇಲಿಯಾದವರು ನೀಲಗಿರಿ ಮರದಲ್ಲಿ ಕಂಡರು. ಗಟ್ಟಿಮುಟ್ಟಾದ ಬೆಕ್ಕಿಗೂ ಒಮ್ಮೊಮ್ಮೆ ಬರುತ್ತೆ.

ನಾನು ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದ್ದು ಒಂದೇ: ಮನೆಯವರಿಗೆ ಅಂಟುತ್ತಾ? ಬೆಕ್ಕಿನಿಂದ ಮನುಷ್ಯರಿಗೆ ಇದು ಹರಡೋದಿಲ್ಲ, ಬೆಕ್ಕೂ ನಾವೂ ಒಂದೇ ಧೂಳನ್ನು ಉಸಿರಾಡ್ತೀವಿ ಅಷ್ಟೇ ಅಂದ್ರು. ಬೆಕ್ಕಿನ ಮೂಗಿಗೆ ಬರೋ ಎಲ್ಲ ಶಿಲೀಂಧ್ರಕ್ಕೂ ಈ ಮಾತು ಹೇಳೋಕಾಗಲ್ಲ. ಬ್ರೆಜಿಲ್‌ನಲ್ಲಿ ಹಬ್ಬಿರೋ ಸ್ಪೊರೊಟ್ರಿಕೋಸಿಸ್ ಬೆಕ್ಕು ಪರಚಿದರೆ ಮನುಷ್ಯರಿಗೂ ಬರುತ್ತೆ. ಅದಕ್ಕೇ ಯಾವುದು ಅಂತ ನೋಡದೆ ಧೈರ್ಯ ಹೇಳೋದೂ ತಪ್ಪು, ಚೀಲ ಹುಡುಕೋದೂ ತಪ್ಪು.

ಇದನ್ನ ಅಪ್ಪನಿಗೆ ನಾನು ಹೇಳಿದರೆ ಕೇಳ್ತಿರಲಿಲ್ಲ. ಚಿಕ್ಕಪ್ಪನೇ ಬಂದು, “ಅಣ್ಣಾ, ನನ್ನನ್ನೇ ಬಿಟ್ಟು ಬರಲಿಲ್ಲ, ಇದನ್ಯಾಕೆ ಬಿಡ್ತೀಯ?” ಅಂದರು. ಅಪ್ಪ ಏನೂ ಮಾತಾಡದೆ ತೋಟದ ಕಡೆ ಹೋದರಂತೆ.

ಔಷಧ ಫ್ಲುಕೊನಜೋಲ್, ಮನುಷ್ಯರಿಗೆ ಕೊಡೋದೇ. ತೂಕ ನೋಡಿ ಡಾಕ್ಟರೇ ಡೋಸ್ ಬರೆದುಕೊಡಬೇಕು. ಮಾತ್ರೆಯ ಚೂರನ್ನ ಅಮ್ಮ ಮೀನಿನ ತುಂಡಲ್ಲಿ ಅಡಗಿಸಿ ತಿನ್ನಿಸೋಳು. ತಿಂಗಳುಗಟ್ಟಲೆ ಕೊಡಬೇಕು, ಊತ ಇಳಿದ ಮೇಲೂ ನಿಲ್ಲಿಸೋ ಹಾಗಿಲ್ಲ. ಏಳನೇ ತಿಂಗಳಿಗೆ ನಿಲ್ಲಿಸಿದರು. ಕರಿಯನ ಮೂಗು ಈಗಲೂ ಸ್ವಲ್ಪ ಸೊಟ್ಟ.

ಪಾರಿವಾಳ ಕೂರ್ತಿದ್ದ ಅಟ್ಟವನ್ನ ಅಪ್ಪನೇ ಚೊಕ್ಕ ಮಾಡಿದರು. ಒಣಗಿದ್ದನ್ನ ಹಾಗೇ ಗುಡಿಸಿದರೆ ಧೂಳೇಳುತ್ತೆ ಅಂತ ಮೊದಲು ನೀರು ಚಿಮುಕಿಸಿ, ಕೊರೊನಾ ಕಾಲದ ಮಾಸ್ಕ್ ಹುಡುಕಿ ಹಾಕ್ಕೊಂಡು.