ಆಯಿಯ ಎರಡನೆಯ ಮೇಣದಬತ್ತಿ

2024ರ ಡಿಸೆಂಬರ್. ಕೋಗಿಲಬನದಿಂದ ಟೆಂಪೊ ಹೊರಟಾಗ ಇನ್ನೂ ನಸುಕು. ಕಾಳಿ ನದಿಯ ಮಂಜು ರಸ್ತೆಗೂ ಹಬ್ಬಿತ್ತು. ಒಳಗೆ ದಾಂಡೇಲಿ, ಹಳಿಯಾಳ ಕಡೆಯ ನಾವು ಹದಿನಾರು ಮಂದಿ. ಹಿಂದಿನ ಸೀಟಿನಲ್ಲಿ ನಮ್ಮ ಮನೆಗೆ ವರ್ಷಾನುಗಟ್ಟಲೆ ಜೇನು, ಮುರುಗಲು ತಂದುಕೊಟ್ಟ ಸಿದ್ದಿ ಅಜ್ಜಿ. ನಮಗೆಲ್ಲ ಅವರು ಆಯಿ. ತೊಡೆಯ ಮೇಲೆ ಮಡಚಿಟ್ಟ ಕೌದಿ, ಬೆರಳ ಸಂದಿಯಲ್ಲಿ ಜಪಸರ. ಎಪ್ಪತ್ತು ದಾಟಿದ ಆಯಿಗೆ ಗೋವಾ ಇದೇ ಮೊದಲು.

ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರದ ದರ್ಶನ ನಡೆದಿತ್ತು. ನವೆಂಬರ್ 21ರಿಂದ ಜನವರಿ 5ರವರೆಗೆ. ತಪ್ಪಿದರೆ ಮತ್ತೆ ಹತ್ತು ವರ್ಷ ಕಾಯಬೇಕು. ಕೊಂಕಣಿಯವರು ಅವರನ್ನು ಗೋಂಯ್ಚೊ ಸಾಯ್ಬ, ಅಂದರೆ ಗೋವೆಯ ಒಡೆಯ ಎನ್ನುತ್ತಾರೆ. "ಹತ್ ವರ್ಷ ನಾನೆಲ್ಲಿರ್ತೀನಿ? ಈ ಸಲ ಕರ್ಕೊಂಡು ಹೋಗು ಮಗಾ" ಎಂದು ಆಯಿ ಗಣೇಶ ಚೌತಿಯ ಹೊತ್ತಿಗೇ ಹೇಳಿಟ್ಟಿದ್ದರು.

ರಾಮನಗರದಲ್ಲಿ ಚಹಾ ಕುಡಿದೆವು. ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡವರು ಬಂದು ನೆಲೆನಿಂತ ಊರು ಅದು. ಮುಂದೆ ಅನಮೋಡ ಘಾಟು. ಆಯಿ ಕಿಟಕಿಗೆ ಹಣೆ ಹಚ್ಚಿ ಮತ್ತಿ, ನಂದಿ, ಹೊನ್ನೆ ಎಂದು ಮರ ಮರವನ್ನೂ ಹೆಸರು ಹಿಡಿದು ಕರೆಯುತ್ತ ಇಳಿದರು. ಮೊಲೆಂ ಬಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. "ಕಾಡೆಲ್ಲ ನಮ್ದೇ ಐತಲ್ಲೋ, ಗೋವಾ ಎಲ್ಲಿ ಶುರು ಆತು?"

ಬೊಮ್ ಜೀಸಸ್ ಬೆಸಿಲಿಕಾದ ಗಾರೆಯಿಲ್ಲದ ಕೆಂಪು ಜಂಬಿಟ್ಟಿಗೆ ಕಂಡ ಕೂಡಲೇ ಎಲ್ಲರೂ ಶಿಲುಬೆಯ ಗುರುತು ಮಾಡಿಕೊಂಡೆವು. 1605ರಲ್ಲಿ ಪ್ರತಿಷ್ಠೆಯಾದ ಗುಡಿ. ಒಳಗೆ ಟಸ್ಕನಿಯ ದೊರೆ ಕಳಿಸಿದ ಅಮೃತಶಿಲೆಯ ಸಮಾಧಿ, ಅದರ ಮೇಲೆ ಗೋವೆಯ ಅಕ್ಕಸಾಲಿಗರು ಕುಸುರಿ ತುಂಬಿದ ಬೆಳ್ಳಿಯ ಪೆಟ್ಟಿಗೆಯ ಸ್ಥಾನ. ದರ್ಶನದ ದಿನಗಳಲ್ಲಿ ಶರೀರವನ್ನು ಎದುರಿನ ಸೆ ಕೆಥೆಡ್ರಲ್‌ಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಆ ಕೆಥೆಡ್ರಲ್ಲಿನ ಒಂದು ಗೋಪುರ 1776ರಲ್ಲಿ ಬಿದ್ದದ್ದು ಇವತ್ತಿಗೂ ಏಳಲಿಲ್ಲ. ಉಳಿದ ಒಂದರಲ್ಲಿ ಸುವರ್ಣಘಂಟೆ ತೂಗುತ್ತದೆ. ಅದರ ಸದ್ದು ಸಾಲಿನಲ್ಲಿ ನಿಂತವರ ಎದೆಯೊಳಗೇ ಹೊಡೆದಂತಿತ್ತು.

ಸಾಲು ಇರುವೆಯಂತೆ ಸರಿಯಿತು. ಆಯಿ ಕೂರಲಿಲ್ಲ. ನಾನು ಸಂತರ ಕತೆ ಹೇಳುತ್ತ ನಿಂತೆ. 1552ರ ಡಿಸೆಂಬರ್ 3ರಂದು, ಚೀನಾ ಕಣ್ಣಿಗೆ ಕಾಣುವಷ್ಟು ಹತ್ತಿರದ ಸಾಂಚಿಯನ್ ದ್ವೀಪದಲ್ಲಿ ಅವರು ತೀರಿಕೊಂಡದ್ದು. ಮಾಂಸ ಬೇಗ ಕರಗಲೆಂದು ಸುಣ್ಣ ಸುರಿದು ಹೂಳಿದ್ದು. ತಿಂಗಳುಗಳ ಮೇಲೆ ತೆಗೆದಾಗ ದೇಹ ಕೆಡದೆ ಇದ್ದದ್ದು. ಮಲಾಕ್ಕಾ ಮಾರ್ಗವಾಗಿ 1554ರಲ್ಲಿ ಗೋವೆಗೆ ಬಂದದ್ದು. 1614ರಲ್ಲಿ ಬಲಗೈಯ ಭಾಗ ರೋಮಿಗೆ ಹೋದದ್ದು. ಆಯಿ ಹೂಂಗುಟ್ಟುತ್ತ ಜಪಮಣಿ ಸರಿಸುತ್ತಿದ್ದರು.

ಗಾಜಿನ ಪೆಟ್ಟಿಗೆಯ ಮುಂದೆ ಸಿಕ್ಕಿದ್ದು ನಾಲ್ಕೈದು ಉಸಿರಿನಷ್ಟು ಹೊತ್ತು. ಜಪಾನಿನವರೆಗೆ ಹೋಗಿಬಂದ ಮನುಷ್ಯ ಇಷ್ಟು ಸಣ್ಣಗಿದ್ದರೇ ಎಂದು ನನಗೆ ಗಂಟಲು ಕಟ್ಟಿತು. ಕಪ್ಪಾಗಿ, ಒಣಗಿ, ಬೇರಿನಂತಾದ ಪಾದ. ಆಯಿಯ ನೋಟ ಮುಖದತ್ತ ಹೋಗಲೇ ಇಲ್ಲ, ಪಾದದಲ್ಲೇ ನಿಂತಿತ್ತು. "ಎಷ್ಟ್ ನಡದಾನೋ, ಪಾಪ" ಎಂದರು. ಹುಟ್ಟಿದಾಗಿನಿಂದ ನಾನು ಕೇಳಿದ ಎಷ್ಟೋ ಪ್ರಸಂಗಗಳಿಗಿಂತ ಆ ಮಾತು ನನ್ನನ್ನು ಸಂತರ ಹತ್ತಿರ ತಂದಿತು.

ಊಟದ ನಂತರ ವೈಸ್‌ರಾಯ್ ಕಮಾನಿನ ಕಡೆ ನಡೆದೆವು. ಆಚೆ ಮಾಂಡೋವಿ ಹೊಳೆ. ಮರದ ನೆರಳಿನಲ್ಲಿ ಆಯಿ ಕೌದಿ ಹಾಸಿದರು. ಸೀರೆ, ಲಂಗ, ಅಂಗಿಗಳ ತುಂಡು ಸೇರಿಸಿ ಅವರೇ ಹೊಲಿದದ್ದು; ನಾಲ್ಕು ಮೂಲೆಗೂ ಬಟ್ಟೆ ಮಡಚಿ ಕೂಡಿಸಿದ ಫೂಲ್. ಫೂಲ್ ಇಲ್ಲದ ಕೌದಿ ಬತ್ತಲೆ ಎಂಬುದು ಸಿದ್ದಿ ಹೆಂಗಸರ ಮಾತು.

ಹೇಳಲೋ ಬೇಡವೋ ಎಂದು ತೂಗಿ, ಕೊನೆಗೆ ಹೇಳಿದೆ. ಈ ಕಮಾನಿನಿಂದ ಊರೊಳಗೆ ಹೋಗುತ್ತಿದ್ದ ರುವಾ ದಿರೇತಾ ಎಂಬ ಬೀದಿಯಲ್ಲಿ ಪೋರ್ಚುಗೀಸರ ಕಾಲಕ್ಕೆ ಬೆಳಗಿನ ಹರಾಜು ನಡೆಯುತ್ತಿತ್ತು. ಕುದುರೆ, ಬಟ್ಟೆಗಳ ಜೊತೆಗೆ ಮನುಷ್ಯರನ್ನೂ ಕೂಗಿ ಮಾರುತ್ತಿದ್ದರು. 1583ರಿಂದ ಐದು ವರ್ಷ ಇಲ್ಲಿದ್ದ ಡಚ್ಚರ ಲಿನ್ಸ್‌ಖೋಟೆನ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಆಫ್ರಿಕದ ಪೂರ್ವ ತೀರದಿಂದ ಹಡಗಿನಲ್ಲಿ ಬಂದವರು ಅವರಲ್ಲಿದ್ದರು. ಅಂಥವರಲ್ಲಿ ತಪ್ಪಿಸಿಕೊಂಡವರು, ಸಿದ್ದಿಗಳ ಹಿರಿಯರು, ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡು ಸೇರಿದರು. ಬೆಳಿಗ್ಗೆ ಮತ್ತಿ, ಹೊನ್ನೆ ಎನ್ನುತ್ತ ನಾವು ಇಳಿದು ಬಂದ ಅದೇ ಘಟ್ಟಸಾಲು.

ಆಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಎಷ್ಟಕ್ಕ ಮಾರ್ತಿದ್ರು?"

ನನ್ನ ಬಾಯಿ ಕಟ್ಟಿಹೋಯಿತು. ಅವರೂ ಉತ್ತರಕ್ಕೆ ಕಾಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಮೇಣದಬತ್ತಿ ತೆಗೆದರು. ಬೆಳಿಗ್ಗೆ ಎರಡು ಕೊಂಡಿದ್ದರು. ಸಾಯ್ಬನಿಗೆ ಹಚ್ಚಿದ್ದು ಒಂದೇ. ಮತ್ತೊಂದು ಮನೆಯ ದೇವರ ಪೀಠಕ್ಕೆಂದು ನಾನು ತಿಳಿದಿದ್ದೆ. ಊರಿನಲ್ಲಿ ಆಯಿ ಭಾನುವಾರದ ಪೂಜೆ ತಪ್ಪಿಸುವವರಲ್ಲ, ಹಿರಿಯರಿಗೆ ಎಡೆ ಇಡುವುದನ್ನೂ ಬಿಟ್ಟವರಲ್ಲ. ಎರಡೂ ಒಂದೇ ಮನೆಯೊಳಗೆ ಜಗಳವಿಲ್ಲದೆ ಇವೆ.

"ಹಿರೇರಿಗೆ" ಎಂದರು.

ಹೊಳೆಯ ಗಾಳಿಗೆ ಕಡ್ಡಿ ಎರಡು ಸಲ ಆರಿತು. ಮೂರನೆಯ ಸಲ ಆಯಿ ಕೌದಿಯ ಮೂಲೆಯನ್ನೆತ್ತಿ ಗಾಳಿಗೆ ಅಡ್ಡ ಹಿಡಿದರು. ಕೆಂಪು ಫೂಲಿನ ಮರೆಯಲ್ಲಿ ಜ್ವಾಲೆ ನಿಂತಿತು. ನಮ್ಮ ಟೆಂಪೊದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಯಾರೋ ಕೊಂಕಣಿಯಲ್ಲಿ ಜಪಸರ ಶುರು ಮಾಡಿದರು. ಆಯಿ ತಮ್ಮ ಸಿದ್ದಿ ನುಡಿಯಲ್ಲಿ ದನಿಗೂಡಿಸಿದರು. ಡ್ರೈವರ್ ಹಾರ್ನ್ ಹೊಡೆದ, ಮತ್ತೆ ಸುಮ್ಮನಾದ. ಬತ್ತಿ ಪೂರ್ತಿ ಕರಗುವವರೆಗೆ ನಾವು ಅಲ್ಲಿಂದ ಏಳಲಿಲ್ಲ.