ಅವ್ವನ ಕೆರೆಯೂ ನನ್ನ ಭಾರದ ಕ್ಯಾಮೆರಾವೂ

ನಿವೃತ್ತಿಯ ಹಣದಲ್ಲಿ ಒಂದಂಶವನ್ನು ತೆಗೆದು 2015ರಲ್ಲಿ ನಾನು ನಿಕಾನ್ ಡಿ810 ಎಂಬ ಕ್ಯಾಮೆರಾವನ್ನು ಕೊಂಡಾಗ ಮನೆಯಲ್ಲಿ ಯಾರೊಬ್ಬರೂ ಸಂತೋಷಪಡಲಿಲ್ಲ. "ಇಷ್ಟು ರೊಕ್ಕಕ್ಕ ಎರಡು ಎಮ್ಮಿ ಬರ್ತಿದ್ವಲ್ಲೋ" ಎಂದಳು ಅವ್ವ. ಆಕೆಯ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಆ ಕ್ಯಾಮೆರಾದಿಂದ ಆದ ಒಂದೇ ಒಂದು ಸಾರ್ಥಕ ಕೆಲಸಕ್ಕೆ ಅವ್ವನೇ ನಿಮಿತ್ತಳಾದಳು.

ಅವ್ವನ ತವರು ಬಾದಾಮಿ. ಎಂಬತ್ತನಾಲ್ಕರ ವಯಸ್ಸಿನಲ್ಲಿ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದವಳು, "ಒಮ್ಮೆ ಕೆರಿ ನೋಡಬೇಕಂತ ಜೀವ ಅಂತೈತಿ" ಎನ್ನತೊಡಗಿದಳು. ಅಗಸ್ತ್ಯ ತೀರ್ಥದ ಮೆಟ್ಟಿಲುಗಳ ಮೇಲೆ ಆಕೆಯ ಬಾಲ್ಯವೆಲ್ಲ ಕಳೆದಿತ್ತು. ಆಕೆಯನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ಕೆರೆಯನ್ನೇ ಮನೆಗೆ ತರುವುದೆಂದು ನಿಶ್ಚಯಿಸಿ, 2016ರ ಡಿಸೆಂಬರಿನಲ್ಲಿ ನಾನೊಬ್ಬನೇ ಹೊರಟೆ.

ಕೆರೆಯ ಪೂರ್ಣ ದರ್ಶನವಾಗುವುದು ಉತ್ತರದ ಕೋಟೆಗುಡ್ಡದ ಮೇಲಿಂದ. ಸೀಳಿದ ಕೆಂಪು ಬಂಡೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಮೆಟ್ಟಿಲೇರಬೇಕು. ಕ್ಯಾಮೆರಾದ ತೂಕ 980 ಗ್ರಾಂ, 16-35 ಮಿ.ಮೀ. ಮಸೂರ ಸೇರಿದರೆ ಒಂದೂವರೆ ಕಿಲೋ ದಾಟುತ್ತದೆ. ಮುಕ್ಕಾಲಿಯನ್ನಂತೂ ಕೋಣೆಯಲ್ಲಿಯೇ ಬಿಟ್ಟಿದ್ದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿ ಪಡೆಯದೆ ಅದನ್ನು ನಿಲ್ಲಿಸುವಂತಿಲ್ಲ. ಅಷ್ಟಾದರೂ ಅರ್ಧ ಗುಡ್ಡ ಏರುವಷ್ಟರಲ್ಲಿ ಮೊಣಕಾಲು ಮುಷ್ಕರ ಹೂಡಿತು. ಚೀಲದ ಮೇಲೆ ಕಣ್ಣಿಟ್ಟ ಮಂಗಗಳ ಕಾಟ ಬೇರೆ.

ಮೇಲೆ ನಿಂತು ನೋಡಿದರೆ, ಎದುರಿನ ದಕ್ಷಿಣದ ಗುಡ್ಡ ಸಂಜೆಯ ಬಿಸಿಲಿಗೆ ಕೆಂಡದಂತೆ ಹೊಳೆಯುತ್ತಿತ್ತು. ದೂರದ ಪೂರ್ವದ ದಡದಲ್ಲಿ ಭೂತನಾಥ ದೇವಾಲಯ. ನನ್ನ ಕಾಲಬುಡದ ಬಂಡೆಯ ಸೀಳು ಮಾತ್ರ ಕಗ್ಗತ್ತಲು. ಬೆಳಕು ನೆರಳುಗಳ ಇಂಥ ಅಂತರವನ್ನು ಕಣ್ಣು ಹೇಗೋ ಸಂಭಾಳಿಸುತ್ತದೆ, ಸಾಮಾನ್ಯ ಕ್ಯಾಮೆರಾ ಸೋಲುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದ ಸಂವೇದಕ 35.9 ಮಿ.ಮೀ. ಅಗಲ, 24 ಮಿ.ಮೀ. ಎತ್ತರ, ಅಗ್ಗದ ಡಿಎಸ್‌ಎಲ್‌ಆರ್‌ಗಳದಕ್ಕಿಂತ ವಿಸ್ತೀರ್ಣದಲ್ಲಿ ಎರಡು ಪಟ್ಟಿಗೂ ಮಿಗಿಲು. ಹೆಚ್ಚು ಬೆಳಕು ಹಿಡಿಯುವುದರಿಂದ ನೆರಳಿನಲ್ಲಿಯೂ ವಿವರ ಉಳಿಯುತ್ತದೆ. ಡಿ810ರಲ್ಲಿ ಐಎಸ್ಒವನ್ನು 64ರವರೆಗೆ ಇಳಿಸಬಹುದಾದ್ದರಿಂದ ಈ ಗುಣ ಇನ್ನೂ ಹೆಚ್ಚು.

ಕಷ್ಟಗಳನ್ನು ಮುಚ್ಚಿಡಲಾರೆ. ಹತ್ತಿರದ ಬಂಡೆಯಿಂದ ದೂರದ ದೇವಾಲಯದವರೆಗೆ ಎಲ್ಲವೂ ಸ್ಪಷ್ಟವಾಗಬೇಕು. ಚಿಕ್ಕ ಸಂವೇದಕಕ್ಕೆ ಎಫ್/8 ಸಾಕಾಗುವಲ್ಲಿ ಇದಕ್ಕೆ ಎಫ್/12ರಷ್ಟು ಬೇಕು. ಎಫ್/16 ಮೀರಿದರೆ ಚಿತ್ರವೇ ಮೆತ್ತಗಾಗುತ್ತದೆ. ರಂಧ್ರ ಕಿರಿದಾದಷ್ಟೂ ಹೊತ್ತು ಹೆಚ್ಚು, ಹೊತ್ತು ಹೆಚ್ಚಿದಷ್ಟೂ ಅಲುಗಾಟ. ಸಾಲದೆಂಬಂತೆ, ಒಳಗಿನ ಕನ್ನಡಿ ಮೇಲೆದ್ದು ಬಡಿಯುವ ಪೆಟ್ಟಿಗೇ ಕ್ಯಾಮೆರಾ ನಡುಗುತ್ತದೆ. ಮೊದಲು ತೆಗೆದ ಆರು ಚಿತ್ರಗಳು ಹಾಗೆಯೇ ಹಾಳಾದವು. ಕೊನೆಗೆ ಚೀಲವನ್ನು ಬಂಡೆಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾವನ್ನು ಊರಿ, ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವ ಸೌಕರ್ಯವನ್ನು ಬಳಸಿದೆ. ಹಿಂಬದಿಯ ಪರದೆ ಹೊರಳುವಂಥದಲ್ಲ. ಅರವತ್ತು ದಾಟಿದ ನಾನು ಬಂಡೆಯ ಮೇಲೆ ಬೋರಲಾಗಿ ಮಲಗಿ ಅದನ್ನು ಇಣುಕಿದೆ. ಶಾಲಾಪ್ರವಾಸಕ್ಕೆ ಬಂದ ಮಕ್ಕಳಿಗೆ ಒಳ್ಳೆಯ ಮನರಂಜನೆಯಾಯಿತು. ಹೊಳೆಯುವ ಗುಡ್ಡಕ್ಕೆ ಬೆಳಕನ್ನು ಹೊಂದಿಸಿ, ಎಫ್/11ರಲ್ಲಿ ಸೆಕೆಂಡಿನ ಇಪ್ಪತ್ತನೆಯ ಒಂದಂಶ ತೆರೆದೆ. ಅಷ್ಟರಲ್ಲಿ ಬಿಸಿಲು ಜಾರಿತು.

ಪರದೆಯ ಮೇಲೆ ಚಿತ್ರದ ಕೆಳಭಾಗ ಮಸಿಯಂತೆ ಕಪ್ಪಾಗಿತ್ತು. ಅವ್ವನಿಗೆ ಇದನ್ನೇ ತೋರಿಸುವುದೇ ಎಂದು ಇಳಿಯುವಾಗಲೆಲ್ಲ ಸಂಕಟಪಟ್ಟೆ. ಮನೆಗೆ ಬಂದು ಗಣಕಯಂತ್ರದಲ್ಲಿ ಮೂಲ ಕಡತವನ್ನು ತೆರೆದು ನೆರಳನ್ನು ಮೆಲ್ಲನೆ ಎತ್ತಿದೆ. ಬಂಡೆಯ ಪದರಗಳು, ಹುಲ್ಲಿನ ಎಸಳುಗಳು, ನೆರಳಲ್ಲಿ ಮುಳುಗಿದ್ದ ದಡದ ಮೆಟ್ಟಿಲುಗಳು ಒಂದೊಂದಾಗಿ ಹೊರಬಂದವು.

ಚಿತ್ರದ ಅಗಲ 7360 ಚುಕ್ಕಿಗಳು. ನಾಲ್ಕು ಅಡಿ ಅಗಲಕ್ಕೆ ಅಚ್ಚು ಹಾಕಿಸಿ ಅವ್ವನ ಮಂಚದ ಎದುರಿಗೆ ತೂಗುಹಾಕಿದೆ. ಆಕೆ ಹೊಳೆಯುವ ಗುಡ್ಡವನ್ನು ನೋಡಲಿಲ್ಲ, ದೇವಾಲಯವನ್ನೂ ನೋಡಲಿಲ್ಲ. "ಹತ್ರ ತಾ" ಎಂದಳು. ಚಿತ್ರವನ್ನು ಇಳಿಸಿ ಹಾಸಿಗೆಯ ಮೇಲಿಟ್ಟೆವು. ಭೂತಗನ್ನಡಿ ಹಿಡಿದು ದಡದ ಮೂಲೆಯೊಂದನ್ನು ಬಹಳ ಹೊತ್ತು ಹುಡುಕಿ, ನಾನು ಗಮನಿಸಿಯೇ ಇರದ ಒಂದು ಮೆಟ್ಟಿಲ ಮೇಲೆ ಬೆರಳಿಟ್ಟಳು. "ನಮ್ಮವ್ವ ಇಲ್ಲೇ ಅರಿವಿ ಒಗೀತಿದ್ಲು." ಆಮೇಲೆ, ಮಂಗಗಳೇಕೆ ಒಂದೂ ಇಲ್ಲವೆಂದು ಆಕ್ಷೇಪಿಸಿದಳು. ಎಮ್ಮೆಯ ಮಾತು ಮತ್ತೆ ಬರಲಿಲ್ಲ. 2018ರಲ್ಲಿ ಲಿಂಗೈಕ್ಯಳಾಗುವವರೆಗೂ ಆ ಭೂತಗನ್ನಡಿ ಆಕೆಯ ದಿಂಬಿನ ಬದಿಯಲ್ಲಿಯೇ ಇತ್ತು.

ಕನ್ನಡಿಯೇ ಇಲ್ಲದ, ತೆಗೆಯುವ ಮೊದಲೇ ಬೆಳಕಿನ ಹದವನ್ನು ಕಣ್ಣಿಗೆ ತೋರಿಸುವ ಕ್ಯಾಮೆರಾಗಳು ಈಗ ಬಂದಿವೆ. ಹಳೆಯದನ್ನು ಮಾರಿಬಿಡೆಂದು ಮಗ ಒತ್ತಾಯಿಸುತ್ತಾನೆ. ಗುಡ್ಡ ಹತ್ತುವಾಗ ಅವನ ಹಗುರ ಕ್ಯಾಮೆರಾವನ್ನೇ ಒಯ್ಯುತ್ತೇನೆ, ಮೊಣಕಾಲಿನ ಮುಂದೆ ವಾದ ನಡೆಯದು. ವಾಹನ ಹೋಗುವ ಜಾಗಗಳಿಗೆ ಮಾತ್ರ ಡಿ810 ಇನ್ನೂ ಜೊತೆಗಿರುತ್ತದೆ.