ಪರದೆಯ ಹಿಂದಿನ ದನಿ

ಹೊಸ ಸ್ಪೀಕರ್ ಮನೆಗೆ ಬಂದ ದಿನವೇ ತಂದೆಯವರು ಬಿಟ್ಟುಹೋದ ಹಳೆಯದನ್ನು ಗುಜರಿಗೆ ಹಾಕಲು ನಿರ್ಧರಿಸಿದ್ದೆ. ಹೊಸದರ ನಾದ ಅಷ್ಟು ಇಂಪೆನಿಸಿತ್ತು. ಮಗಳು ತಡೆದಳು. ಎರಡನ್ನೂ ತೆಳುಪರದೆಯ ಹಿಂದಿರಿಸಿ, ಮಾಪಕದಿಂದ ಅಳೆದು ಧ್ವನಿಮಟ್ಟವನ್ನು ಸಮಗೊಳಿಸಿದಳು.

“1 ಡೆಸಿಬೆಲ್ ಹೆಚ್ಚಿದ್ದರೂ ಸಾಕು ಅಪ್ಪಾ, ಕಿವಿಗೆ ಅದು ಜೋರೆನಿಸದೆ, ಚೆಂದವೆನಿಸಬಹುದು” ಎಂದಳು. ನಾಣ್ಯ ಚಿಮ್ಮಿ ಸರದಿ ನಿಶ್ಚಯಿಸಿ, ಯಾವುದೆಂದು ತಿಳಿಸದೆ ಒಂದೇ ಗೀತೆಯನ್ನು ಎರಡರಲ್ಲೂ ನುಡಿಸಿದಳು. ಹೀಗೆ 10 ಬಾರಿ. ಅವುಗಳಲ್ಲಿ 6 ಬಾರಿ ನಾನು ಮೆಚ್ಚಿದ್ದು ಹಳೆಯದನ್ನೇ!

ಅದುವರೆಗೆ ನಾನು ಆಲಿಸಿದ್ದು ಬೆಲೆಚೀಟಿಯನ್ನು. ಮನುಷ್ಯರನ್ನು ತೂಗುವಾಗಲೂ ಜೋರು ದನಿಗೆ, ಹೊಸ ಹೊಳಪಿಗೆ ನಾವು ಮರುಳಾಗುವುದಿಲ್ಲವೇ? ತಂದೆಯವರ ಸ್ಪೀಕರ್ ಇಂದಿಗೂ ನಮ್ಮ ಪಡಸಾಲೆಯಲ್ಲಿ ಹಾಡುತ್ತಿದೆ.